ಜುಲೈ ತಿಂಗಳ ಹಾಳೆ

ಇಪ್ಪತ್ತೆಂಟು ವರ್ಷ ಕೇಂದ್ರ ಸರ್ಕಾರದ ನೌಕರಿ ಮಾಡಿದವಳು ನಾನು. ಗದಗ ಬಿಟ್ಟ ಮೇಲೆ ಏಳು ಊರು ತಿರುಗಿ, ಕೊನೆಗೆ ನಾಸಿಕದಲ್ಲಿ ನಿವೃತ್ತಳಾಗಿ ಅಲ್ಲೇ ಉಳಿದೆ. ಈ ಏಳು ಊರುಗಳಲ್ಲಿ ನಾನು ಪಕ್ಕಾ ಕಲಿತ ವಿದ್ಯೆ ಒಂದೇ. ಹೊಸ ಊರಿಗೆ ವರ್ಗವಾಗಿ ಹೋದ ಕೂಡಲೇ, ಕುರ್ಚಿಯ ಮೇಲೆ ನೆಟ್ಟಗೆ ಕೂಡುವುದಕ್ಕೂ ಮುಂಚೆ, ಚಾರ್ಜ್ ತಗೊಳ್ಳುವ ಕಾಗದದಲ್ಲಿ ಇಲ್ಲಿ ಎಲ್ಲವೂ ಕೆಟ್ಟು ಕೆರ ಹಿಡಿದಿತ್ತು ಎಂದು ಬರೆದುಬಿಡಬೇಕು. ಕಡತಗಳು ಚೆಲ್ಲಾಪಿಲ್ಲಿಯಾಗಿದ್ದವು, ರಿಜಿಸ್ಟರುಗಳು ಅರ್ಧಕ್ಕೇ ನಿಂತಿದ್ದವು, ಬಾಕಿ ಅರ್ಜಿಗಳು ಎಷ್ಟೆಂದು ಹೇಳುವವರೇ ಇರಲಿಲ್ಲ. ಹಿಂದಿನವನು ಎಲ್ಲವನ್ನೂ ಒಪ್ಪ ಓರಣವಾಗಿ ಇಟ್ಟು ಹೋಗಿದ್ದರೂ ಹಾಗೆಯೇ ಬರೆಯಬೇಕು. ಆಗ ಆರು ತಿಂಗಳಿಗೆ ತಪಾಸಣೆಗೆ ಬರುವ ಸಾಹೇಬ, ಈಕೆ ಬಂದ ಮೇಲೆ ಕಚೇರಿ ಕಣ್ಣು ಬಿಟ್ಟಿದೆ ಎನ್ನುತ್ತಾನೆ. ಹಿಂದಿನವನೂ ತನ್ನ ಹೊಸ ಊರಿನಲ್ಲಿ ಅದನ್ನೇ ಬರೆಯುತ್ತ ಕೂತಿರುತ್ತಾನೆ, ಹಾಗಾಗಿ ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ. ವರ್ಗಾವಣೆಯ ಜನಕ್ಕೆ ಇದು ಬೆಳಗ್ಗೆ ಎದ್ದು ಹಲ್ಲುಜ್ಜಿದಷ್ಟೇ ಸಹಜ.

ಈ ವಿದ್ಯೆಯನ್ನು ನಾನು ಒಂಬತ್ತು ವರ್ಷದ ಒಂದು ಹುಡುಗಿಯ ಮೇಲೆ ಪ್ರಯೋಗಿಸಿದೆ. ಅದನ್ನು ಬರೆಯುವುದಕ್ಕೇ ಈಗ ಕೂತಿದ್ದೇನೆ. ಬರೆಯಿರಿ ಎಂದು ಯಾರೂ ಕೇಳಿಲ್ಲ. ಕೇಳಬೇಕಾದವರಿಗೆ ಏನಾಯಿತೆಂದೇ ಗೊತ್ತಿಲ್ಲ.

ನಾನು ನಿವೃತ್ತಳಾದ ವರ್ಷ ನಾಸಿಕದ ನಮ್ಮ ಕನ್ನಡ ಹೆಂಗಸರ ಗುಂಪಿಗೆ ಸಮಾಜಸೇವೆಯ ಹುಚ್ಚು ಹತ್ತಿತ್ತು. ಗುಂಪಿನ ಮುಂದಾಳು ಉಡುಪಿ ಕಡೆಯ ಒಬ್ಬಾಕೆ. ಅವರ ಮನೆಯವರು ಮೂರು ಹೋಟೆಲು ನಡೆಸುತ್ತಾರೆ, ಅದರಲ್ಲೊಂದು ಪಿಂಪಳಗಾಂವ್ ಬಸವಂತದಲ್ಲಿ, ಹೆದ್ದಾರಿಯ ಮೇಲೆ. ನಾವೆಲ್ಲ ಆಕೆಯನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಆ ಹೋಟೆಲಿನ ಹಿಂದೆಯೇ ಒಂದು ಮರಾಠಿ ಪ್ರಾಥಮಿಕ ಶಾಲೆ. ಅಲ್ಲಿ ನಾಲ್ಕನೇ ತರಗತಿಗೆ ಬಂದರೂ ಎಷ್ಟೋ ಮಕ್ಕಳಿಗೆ ಓದಲು ಬರುವುದಿಲ್ಲ ಎಂದು ಶಾಲೆಯವರೇ ಅಕ್ಕನ ಹತ್ತಿರ ಹೇಳಿಕೊಂಡರಂತೆ. ವಾರಕ್ಕೆ ಮೂರು ದಿನ ಅಕ್ಕನ ವ್ಯಾನಿನಲ್ಲಿ ನಾವು ಐದು ಹೆಂಗಸರು ನಾಸಿಕದಿಂದ ಹೋಗುವುದು, ತಲೆಗೆ ಹತ್ತು ಮಕ್ಕಳಂತೆ ಹಂಚಿಕೊಂಡು ಹೋಟೆಲಿನ ಮಹಡಿಯ ಹಾಲ್‌ನಲ್ಲಿ ಒಂದೂವರೆ ತಾಸು ಓದಿಸುವುದು ಎಂದು ನಿಶ್ಚಯವಾಯಿತು. ಪಾಠ ಮುಗಿದ ಮೇಲೆ ಮಕ್ಕಳಿಗೆ ಎರಡೆರಡು ಇಡ್ಲಿ, ನಮಗೆ ಮಸಾಲೆ ದೋಸೆ. ಐದು ಜನರಲ್ಲಿ ಇಬ್ಬರಿಗೆ ಆ ದೋಸೆಯೇ ಮುಖ್ಯವಾಗಿತ್ತು. ಇದನ್ನು ನಾನು ಆಗಲೇ ಅವರ ಮುಖದ ಮೇಲೆ ಹೇಳಿದ್ದೆ.

ಅಕ್ಕ ಹೋಟೆಲು ನಡೆಸುವ ಮನೆಯವಳು. ಮಾಡಿದ ಕೆಲಸ ಕಣ್ಣಿಗೆ ಕಾಣಬೇಕು ಎನ್ನುವ ಪೈಕಿ.

"ಸುಮ್ನೆ ಕಲಿಸಿದೆವು ಅಂದ್ರೆ ಯಾರು ನಂಬ್ತಾರೆ ಮಾರಾಯ್ರೇ? ಎಷ್ಟು ಮಕ್ಕಳು ಎಷ್ಟು ಮೇಲೆ ಬಂದ್ರು ಅಂತ ತೋರಿಸ್ಬೇಕಲ್ಲ" ಎಂದು ಆಕೆ ಹಾಲಿನ ಗೋಡೆಗೆ ದೊಡ್ಡದೊಂದು ಏಣಿಯ ಚಿತ್ರ ಅಂಟಿಸಿದಳು. ನಾಲ್ಕು ಮೆಟ್ಟಿಲು: ಅಕ್ಷರ, ಶಬ್ದ, ವಾಕ್ಯ, ಕಥೆ. ಒಂದೊಂದು ಮಗುವಿಗೂ ಒಂದೊಂದು ಕಾಗದದ ಗೊಂಬೆ. ಜುಲೈಯಲ್ಲಿ ಒಂದು ಪರೀಕ್ಷೆ ಮಾಡಿ, ಮಗು ಯಾವ ಮೆಟ್ಟಿಲಿನಲ್ಲಿದೆ ಎಂದು ಹಾಳೆಯಲ್ಲಿ ಬರೆದು ಅದರ ಒಂದು ಪ್ರತಿಯನ್ನು ಶಾಲೆಗೆ ಕೊಡಬೇಕು. ಫೆಬ್ರುವರಿಯಲ್ಲಿ ಇನ್ನೊಂದು ಪರೀಕ್ಷೆ. ನಡುವೆ ಎಷ್ಟು ಗೊಂಬೆಗಳು ಮೇಲೆ ಹತ್ತಿದವು ಎನ್ನುವುದೇ ನಮ್ಮ ಕೆಲಸದ ಗುರುತು.

ಜುಲೈಯ ಪರೀಕ್ಷೆಯ ದಿನ ಉಳಿದ ಹೆಂಗಸರು ಮಕ್ಕಳನ್ನು ಮುದ್ದು ಮಾಡುತ್ತ, ತಡವರಿಸಿದಾಗ ಮೊದಲ ಅಕ್ಷರ ಹೇಳಿಕೊಡುತ್ತ ಕೂತಿದ್ದರು. ನನಗೆ ನೋಡಲಾಗಲಿಲ್ಲ.

"ಈಗ್ಲೇ ಎಲ್ಲಾ ಬರ್ತೈತಿ ಅಂತ ಬರದು ಇಟ್ರ, ಫೆಬ್ರುವರಿಗೆ ಏನ್ ತೋರಸ್ತೀರಿ? ಬಿಗಿಯಾಗಿ ಹಿಡೀರಿ" ಎಂದೆ. ಅವರು ನಕ್ಕರು, ಆದರೆ ಹೇಳಿದಂತೆ ಮಾಡಿದರು. ಮಕ್ಕಳ ಮುಂದೆ ಮುಖ ಗಂಟಿಕ್ಕಿಕೊಂಡು ಕೂತರೆ ಬರುವುದೂ ಮರೆತುಹೋಗುತ್ತದೆ, ಅದು ಎಲ್ಲರಿಗೂ ಗೊತ್ತಿರುವ ವಿಷಯ. ಅಂದು ನಮ್ಮ ಐದೂ ಹಾಳೆಗಳಲ್ಲಿ ಮಕ್ಕಳು ಇದ್ದುದಕ್ಕಿಂತ ಒಂದು ಮೆಟ್ಟಿಲು ಕೆಳಗೇ ಇಳಿದರು. ಅವರಲ್ಲಿ ಹೆಚ್ಚಿನವರಿಗೆ ಇದರಿಂದ ಏನೂ ನಷ್ಟವಾಗಲಿಲ್ಲ.

ನನ್ನ ಪಾಲಿನ ಹತ್ತನೆಯವಳು ಈ ಹುಡುಗಿ. ಶಾಲೆಗೆ ಹೊಸಬಳು. ತಾಯಿ ಜೂನ್‌ನಲ್ಲಿ ವೈಜಾಪುರದ ಕಡೆಯ ಹಳ್ಳಿಯಿಂದ ಬಂದು ಪಿಂಪಳಗಾಂವಿನ ಈರುಳ್ಳಿ ವ್ಯಾಪಾರಿಯೊಬ್ಬನ ಶೆಡ್ಡಿನಲ್ಲಿ ದಪ್ಪದ್ದು ಸಣ್ಣದ್ದು ಬೇರ್ಪಡಿಸುವ ಕೆಲಸಕ್ಕೆ ಸೇರಿದ್ದಳು. ತಂದೆಯ ಸುದ್ದಿ ನಾನು ಕೇಳಲಿಲ್ಲ. ಹುಡುಗಿ ಎಣ್ಣೆ ಹಚ್ಚಿ ಬಿಗಿದು ಎರಡು ಜಡೆ ಹಾಕಿಕೊಂಡಿದ್ದಳು, ಒಂದಕ್ಕೆ ಕೆಂಪು ರಿಬ್ಬನ್ನು, ಇನ್ನೊಂದಕ್ಕೆ ಕಪ್ಪು. ಆಡೊಂದು ಸಂತೆಗೆ ಹೋದ ಕಥೆಯಿರುವ ಕಾರ್ಡನ್ನು ಕೈಗೆ ಕೊಟ್ಟೆ. ಉಸಿರು ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟು, ಆಡಿನ ಮಾತು ಬಂದಲ್ಲಿ ದನಿ ಬದಲಿಸಿ, ಕಡೆಯ ಸಾಲಿನವರೆಗೂ ಒಂದೇ ಓಟಕ್ಕೆ ಓದಿದಳು. ಓದಿ ಮುಗಿಸಿ, ಕಥೆ ಹಿಂದೆ ಇನ್ನೂ ಇದೆಯೇನೋ ಎಂದು ಕಾರ್ಡನ್ನು ಮಗುಚಿ ನೋಡಿದಳು.

ನನ್ನ ಉಳಿದ ಒಂಬತ್ತು ಮಕ್ಕಳನ್ನು ಅಷ್ಟರಲ್ಲಿ ನಾನು ತೂಗಿ ನೋಡಿಯಾಗಿತ್ತು. ಅವರಲ್ಲಿ ಯಾರೂ ಏಳು ತಿಂಗಳಲ್ಲಿ ಕೆಳಗಿನ ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲು ಮುಟ್ಟುವ ಹಾಗಿರಲಿಲ್ಲ. ಒಬ್ಬರಾದರೂ ಮುಟ್ಟಬೇಕು. ಈಗಾಗಲೇ ಮೇಲೆ ನಿಂತಿರುವ ಮಗುವಿಗಿಂತ ಖಾತ್ರಿಯ ಮಗು ಇನ್ನೆಲ್ಲಿ ಸಿಗುತ್ತದೆ? ಹೊಸಬಳು ಬೇರೆ, ಶಾಲೆಯಲ್ಲಿ ಇನ್ನೂ ಯಾರೂ ಆಕೆಯ ಓದು ಕೇಳಿರಲಿಲ್ಲ. ಆಕೆಯ ಸಾಲಿನಲ್ಲಿ 'ಅಕ್ಷರ' ಎಂದು ಬರೆದೆ.

ಹುಡುಗಿ ಮೇಜಿನ ಆಚೆ ಬದಿಯಿಂದ ಅದನ್ನು ತಲೆಕೆಳಗಾಗಿಯೇ ಓದಿದಳು. ಆಕೆಯಾಗಲಿ, ಆಕೆಯ ತಾಯಿಯಾಗಲಿ, ಶಾಲೆಯವರಾಗಲಿ ಮಾತಾಡಿದ್ದು ಮರಾಠಿ. ನನ್ನ ತಲೆಯಲ್ಲಿ ಅದು ನಮ್ಮೂರ ಕನ್ನಡದಲ್ಲೇ ಉಳಿದಿದೆ, ಹಾಗೆಯೇ ಬರೆಯುತ್ತೇನೆ.

"ಮ್ಯಾಡಂ, ಅಕ್ಷರ ಅಂತ ಯಾಕ ಬರದ್ರಿ? ನಾ ಕತಿ ಓದಿದ್ನಲ್ರಿ?"

"ಇದು ಓದೂದಲ್ಲ, ಬಡಬಡಿಸೂದು. ಖರೇ ಓದಾಕ ಬಂದಿದ್ರ ಹಿಂಗ ಗಡಬಡ ಮಾಡ್ತಿರ್ಲಿಲ್ಲ. ನೀ ಮೊದಲಿಂದ ಕಲೀಬೇಕು."

ಆಕೆ ಕಾರ್ಡನ್ನು ಮತ್ತೆ ಕೈಗೆತ್ತಿಕೊಂಡು ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ಸಿಟ್ಟಾಗಲಿಲ್ಲ, ಅಳಲಿಲ್ಲ. ತಾನು ಎಲ್ಲಿ ತಪ್ಪಿದೆ ಎಂದು ಹುಡುಕುತ್ತಿದ್ದಳು.

ಮುಂದಿನ ವಾರದಿಂದ ಅಕ್ಷರದ ಗುಂಪಿನಲ್ಲಿ ಕೂಡಿಸಿದೆ. ಪಕ್ಕದವರು ತಡವರಿಸಿದರೆ ಮೆಲ್ಲಗೆ ಹೇಳಿಕೊಡುತ್ತಿದ್ದಳು. ನಾನು ಗದರಿದೆ. "ನಿನಗ ಬರೂದು ಅಷ್ಟರಾಗ ಐತಿ, ಮಂದಿಗೆ ಹೇಳಾಕ ಹೊಂಟಿ. ಸುಮ್ನ ಕೂಡು." ಸುಮ್ಮನೆ ಕೂತಳು. ಪಾಟಿಯ ಮೇಲೆ ಒಂದೇ ಅಕ್ಷರವನ್ನು ಇಪ್ಪತ್ತು ಸಲ ತಿದ್ದು ಎಂದರೆ ತಿದ್ದಿದಳು.

ಆಗಸ್ಟಿನಲ್ಲಿ ಒಂದು ದಿನ ಇಡ್ಲಿಯ ತಟ್ಟೆಯ ಕೆಳಗೆ ಹಾಸಿದ್ದ ಹಳೆಯ ಪತ್ರಿಕೆಯನ್ನು ಹುಡುಗಿ ಗಟ್ಟಿಯಾಗಿ ಓದತೊಡಗಿದಳು. ದ್ರಾಕ್ಷಿ ತೋಟದ ಔಷಧಿಯ ಜಾಹೀರಾತು, ಅದರ ಕೆಳಗೆ ನಿಫಾಡಿನ ಬಸ್ಸಿನ ಸುದ್ದಿ. ನಮ್ಮ ದೋಸೆಪ್ರಿಯರಲ್ಲಿ ಒಬ್ಬಾಕೆ ಕತ್ತು ತಿರುಗಿಸಿ, "ಅಯ್ಯ, ಈಕಿ ಓದಾಕ ಹತ್ಯಾಳಲ್ರಿ!" ಎಂದಳು. ನಾನು ಎದ್ದು ಹೋಗಿ ಪತ್ರಿಕೆಯನ್ನು ಎಳೆದುಕೊಂಡೆ. "ಬಾಯಿಪಾಠ ಮಾಡ್ಯಾಳ್ರಿ, ಏನಿಲ್ಲ." ಹಳೆಯ ಪತ್ರಿಕೆಯ ಜಾಹೀರಾತನ್ನು ಬಾಯಿಪಾಠ ಮಾಡುವ ಮಗು ಪ್ರಪಂಚದಲ್ಲಿ ಎಲ್ಲೂ ಇಲ್ಲ. ಆದರೆ ಆ ದೋಸೆಪ್ರಿಯೆ ಹೌದೌದು ಎಂದು ತಲೆಯಾಡಿಸಿ ಚಟ್ನಿ ಕೇಳಿದಳು. ಹುಡುಗಿ ಆಮೇಲೆ ನನ್ನ ಎದುರಿಗೆ ಯಾವ ಪತ್ರಿಕೆಯನ್ನೂ ಓದಲಿಲ್ಲ.

ಗಣಪತಿ ಹಬ್ಬ ಮುಗಿದ ಮೇಲೆ ಆಕೆಯ ಗೊಂಬೆಯನ್ನು ಶಬ್ದದ ಮೆಟ್ಟಿಲಿಗೆ ಏರಿಸಿದೆ. ದೀಪಾವಳಿಯ ರಜೆ ಕಳೆದು ವಾಕ್ಯಕ್ಕೆ, ಸಂಕ್ರಾಂತಿ ಮುಗಿದು ಕಥೆಗೆ. ಪ್ರತಿ ಸಲ ಮಕ್ಕಳಿಂದ ಚಪ್ಪಾಳೆ ತಟ್ಟಿಸಿದೆ. ಅಕ್ಕ ಆ ಗೊಂಬೆಯ ಫೋಟೋ ತೆಗೆದು ಎಲ್ಲರಿಗೂ ಕಳಿಸುತ್ತಿದ್ದಳು. "ನಿಮ್ಮ ಕೈಗುಣ ಮಾರಾಯ್ರೇ" ಎನ್ನುತ್ತಿದ್ದಳು. ನಾನು ನಾಚಿದಂತೆ ಮಾಡುತ್ತಿದ್ದೆ.

ನಾವು ಕಲಿಸಿದ್ದೆಲ್ಲ ನಾಟಕ ಎಂದು ತಿಳಿಯಬೇಡಿ. ನನ್ನ ಹತ್ತರಲ್ಲೇ ತೊದಲುವ ಇನ್ನೊಂದು ಹುಡುಗಿಯಿದ್ದಳು. ಜುಲೈಯಲ್ಲಿ ಅಕ್ಷರಗಳನ್ನೂ ಅರ್ಧಂಬರ್ಧ ಗುರುತಿಸುತ್ತಿದ್ದವಳು ಜನವರಿಗೆ ಸಣ್ಣ ಸಣ್ಣ ವಾಕ್ಯ ಓದಿದಳು. ಏಳು ತಿಂಗಳು ನಾನು ಆಕೆಯ ಪಕ್ಕ ಕೂತು, ಬೆರಳು ಹಿಡಿದು ಕಲಿಸಿದ್ದು ಅದು. ಪಕ್ಕ ಕೂತು ಕಲಿಸಿದರೆ ಮಕ್ಕಳು ಕಲಿಯುತ್ತಾರೆ, ಅದರಲ್ಲಿ ಸುಳ್ಳಿಲ್ಲ. ಆದರೆ ತೊದಲುವ ಹುಡುಗಿ ಎರಡು ಮೆಟ್ಟಿಲು ಹತ್ತಿದ್ದನ್ನು ವೇದಿಕೆಯ ಮೇಲೆ ತೋರಿಸಿದರೆ ನೋಡುವವರಿಗೆ ಬೇಜಾರು. ಆಕೆಯ ಗೊಂಬೆಯ ಫೋಟೋವನ್ನು ಯಾರೂ ತೆಗೆಯಲಿಲ್ಲ, ತೆಗೆಯಿರಿ ಎಂದು ನಾನೂ ಹೇಳಲಿಲ್ಲ.

ಡಿಸೆಂಬರಿನ ಹೊತ್ತಿಗೆ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ನಮ್ಮ ಎರಡು ಜಡೆಯ ಹುಡುಗಿ ಓದುವಾಗ ಪ್ರತಿ ಶಬ್ದಕ್ಕೂ ಮುಂಚೆ ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದಳು. ನಾನು ಹೂಂ ಎಂದರೆ ಓದುವುದು, ಇಲ್ಲವಾದರೆ ಬಾಯಿಗೆ ಬಂದದ್ದನ್ನು ನುಂಗಿ ನಿಲ್ಲುವುದು. ಜುಲೈಯಲ್ಲಿ ಒಂದೇ ಓಟಕ್ಕೆ ಓದಿದ್ದ ಆಡಿನ ಕಥೆಯಲ್ಲೇ ಮೂರು ಕಡೆ ನಿಂತಳು. ನನಗೆ ಹೆದರಿಕೆಯಾಯಿತು, ಸುಳ್ಳು ಹೇಳಲಾರೆ. ಆದರೆ ಹೆದರಿಕೆಯ ಬೆನ್ನಿಗೇ ಒಂದು ನೆಮ್ಮದಿಯೂ ಆಯಿತು. ಇನ್ನು ಈಕೆ ಯಾರ ಮುಂದೆ ಓದಿದರೂ ನನ್ನ ಹಾಳೆ ಸುಳ್ಳೆಂದು ಯಾರಿಗೂ ಅನಿಸುವುದಿಲ್ಲ. ಆ ನೆಮ್ಮದಿಯನ್ನು ನೆನೆದರೆ ಇವತ್ತೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಜನವರಿಯ ಕೊನೆಯಲ್ಲಿ ತಾಯಿ ಹೋಟೆಲಿನ ಮೆಟ್ಟಿಲು ಹತ್ತಿ ಬಂದಳು. ಸೊಂಟದ ಮೇಲೆ ವರ್ಷದ ಗಂಡುಕೂಸು. ಸೀರೆಯ ಮೇಲೆಲ್ಲ ಈರುಳ್ಳಿಯ ಒಣ ಸಿಪ್ಪೆ. ಕುರ್ಚಿ ತೋರಿಸಿದರೂ ಕೂಡದೆ ಬಾಗಿಲ ಬಳಿ ನಿಂತೇ ಮಾತಾಡಿದಳು. ಶೆಡ್ಡಿನ ಕೆಲಸ ಮುಗಿಯುತ್ತ ಬಂದಿದೆ. ಸಂಭಾಜಿನಗರದ ಹತ್ತಿರ ವಾಳೂಜಿನಲ್ಲಿ ಆಕೆಯ ಅಣ್ಣ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಕ್ಕಿದ್ದಾನೆ, ಬಾ, ಪ್ಯಾಕಿಂಗ್ ಕೆಲಸ ಕೊಡಿಸುತ್ತೇನೆ ಎಂದಿದ್ದಾನೆ. ಅಲ್ಲಿಗೆ ಹೋದರೆ ಎರಡು ಪಾಳಿ. ಕೂಸನ್ನು ಹುಡುಗಿಯೇ ನೋಡಿಕೊಳ್ಳಬೇಕು, ಶಾಲೆ ಬಿಡಿಸದೆ ಗತಿಯಿಲ್ಲ. ತಾಲ್ಲೂಕಿನ ಹುಡುಗಿಯರ ವಸತಿ ಶಾಲೆಯಲ್ಲಿ ಐದನೇ ತರಗತಿಗೆ ಜಾಗ ಸಿಕ್ಕರೆ ಮಾತ್ರ ಹುಡುಗಿಯನ್ನು ಇಲ್ಲೇ ಬಿಟ್ಟು ಹೋಗುತ್ತಾಳೆ, ಕೂಸನ್ನು ಹೇಗೋ ಅತ್ತಿಗೆಯ ಕೈಗೆ ಹಾಕುತ್ತಾಳೆ.

"ನೀವೊಂದು ಮಾತು ಹಾಕ್ರಿ ಮ್ಯಾಡಂ. ಹಳ್ಳ್ಯಾಗ ಇದ್ದಾಗ ಈಕಿ ಓಣಿ ಮಂದಿಗೆಲ್ಲಾ ಕಾಗದ ಓದಿ ಹೇಳ್ತಿದ್ಳು. ಈಗ ಯಾಕೋ ಓದ್ ಅಂದ್ರ ಅಂಜ್ತಾಳ."

ನೋಡೋಣ ಎಂದೆ. ತಾಯಿ ಕೈಮುಗಿದು ಇಳಿದು ಹೋದಳು.

ಎರಡು ದಿನ ಬಿಟ್ಟು ವರ್ಗಶಿಕ್ಷಕಿಯೇ ನನ್ನನ್ನು ಹುಡುಕಿಕೊಂಡು ಬಂದಳು. ಚುರುಕು ಹೆಂಗಸು, ಬೇರೆಯವರ ತಪ್ಪು ಹಿಡಿಯುವುದರಲ್ಲಿ ನನಗಿಂತ ಒಂದು ಕೈ ಮುಂದೆ. ವಸತಿ ಶಾಲೆಗೆ ಈ ಶಾಲೆಯಿಂದ ಎರಡೇ ಹೆಸರು ಕಳಿಸಬಹುದು. ಒಂದು ಹೆಸರು ನಿಶ್ಚಯವಾಗಿದೆ. ಎರಡನೆಯದಕ್ಕೆ ಆಕೆಗೆ ಈ ಹುಡುಗಿಯನ್ನು ಕಳಿಸುವ ಮನಸ್ಸು. ಆದರೆ ಮುಖ್ಯೋಪಾಧ್ಯಾಯರು ನಮ್ಮ ಜುಲೈ ಹಾಳೆಯನ್ನು ಮುಂದಿಟ್ಟುಕೊಂಡು, ನಾಲ್ಕನೇ ತರಗತಿಗೆ ಬಂದಾಗ ಅಕ್ಷರವೂ ಬಾರದವಳು ಅಲ್ಲಿನ ಪಾಠ ತಡೆಯುವುದಿಲ್ಲ, ಮೊದಲಿನಿಂದ ಓದುತ್ತಿದ್ದವರ ಹೆಸರು ಕೊಡಿ ಎನ್ನುತ್ತಿದ್ದಾರೆ.

"ನನಗ್ಯಾಕೋ ಅನುಮಾನ ಮ್ಯಾಡಂ. ಓದ್ ಅಂದ್ರ ಅಂಜಿ ನಿಲ್ತಾಳ, ಆದ್ರ ಈ ಹುಡುಗಿ ಬರ್ಯೂದು ನೋಡಿದ್ರ ಆರು ತಿಂಗಳದ ಕೈ ಅಲ್ಲ ಅದು. ಜುಲೈದಾಗ ಖರೇನ ಅಕ್ಷರದಾಗ ಇದ್ಳೇನು? ಏನರೆ ತಪ್ಪಾಗಿದ್ರ ಒಂದು ಸಾಲು ಬರದು ಸಹಿ ಮಾಡಿ ಕೊಡ್ರಿ. ಅಷ್ಟಾದ್ರ ಸಾಕು, ಉಳಿದದ್ದು ನಾ ನೋಡ್ಕೋತೀನಿ. ಶುಕ್ರವಾರ ಕಡೇ ದಿನ."

ಆ ವಾರದ ಭಾನುವಾರ ಸಂಭಾಜಿನಗರದ ಕನ್ನಡ ಗೆಳೆಯರ ಕಾರ್ಯಕ್ರಮ. ವಾಳೂಜಿನ ಕೂಲಿಕಾರರ ಮಕ್ಕಳಿಗೆ ಇಂಥದೇ ತರಗತಿ ಶುರು ಮಾಡಬೇಕೆಂದು ಅವರ ಆಸೆ. ನಾವು ಹೋಗಿ ನಮ್ಮ ಕೆಲಸ ತೋರಿಸಬೇಕು. ಆಮಂತ್ರಣದ ಕಾಗದ ಅಚ್ಚಾಗಿ ಬಂದಿತ್ತು. ಅದರ ಮೇಲೆ ಹುಡುಗಿಯ ಫೋಟೋ, ಕೆಳಗೆ 'ಅಕ್ಷರದಿಂದ ಕಥೆಗೆ, ಏಳೇ ತಿಂಗಳಲ್ಲಿ'. ಪಕ್ಕದಲ್ಲಿ ನನ್ನ ಹೆಸರು.

"ಸೋಮವಾರ ಕೊಟ್ರ ನಡೀತೈತೇನ್ರಿ?" ಎಂದು ಕೇಳಿದೆ.

"ಇಲ್ರಿ. ಶುಕ್ರವಾರ ಅಂದೆನಲ್ಲ."

ಆಕೆ ಚೀಲದಿಂದ ಒಂದು ಖಾಲಿ ಹಾಳೆ, ಪೆನ್ನು ತೆಗೆದು ಮೇಜಿನ ಮೇಲಿಟ್ಟಳು. ಕಿಟಕಿಯ ಆಚೆ ಈರುಳ್ಳಿ ಲಾರಿಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು. ಇಪ್ಪತ್ತೆಂಟು ವರ್ಷದಲ್ಲಿ ನಾನು ಬರೆದುಕೊಟ್ಟ ಒಂದು ಕಾಗದವನ್ನೂ ಯಾರೂ ತಪ್ಪೆಂದು ವಾಪಸು ಕಳಿಸಿರಲಿಲ್ಲ. ನಿವೃತ್ತಿಯ ದಿನ ಸಾಹೇಬರು ಇದನ್ನೇ ಹೇಳಿ ಹೊಗಳಿದ್ದರು.

"ಪರೀಕ್ಷೆ ನಾನ ಮಾಡೀನ್ರಿ. ಆಗ ಆಕಿಗೆ ಅಕ್ಷರನೂ ನೆಟ್ಟಗ ಬರ್ತಿರ್ಲಿಲ್ಲ. ಹಾಳಿ ಬರೋಬ್ಬರಿ ಐತಿ" ಎಂದೆ.

ಶಿಕ್ಷಕಿ ಖಾಲಿ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, "ಹಂಗಾದ್ರ ಸರಿ ಬಿಡ್ರಿ" ಎಂದು ಹೊರಟಳು. ಎರಡನೆಯ ಹೆಸರು ಬೇರೆ ಹುಡುಗಿಯದು ಹೋಯಿತು. ಆ ಹುಡುಗಿ ಒಳ್ಳೆಯವಳೇ, ಅವಳ ಅಪ್ಪನಿಗೆ ಊರಿನಲ್ಲಿ ಔಷಧಿ ಅಂಗಡಿಯಿದೆ.

ಸುದ್ದಿ ತಿಳಿದ ತಾಯಿ ಅತ್ತು ಕರೆದು ರಂಪ ಮಾಡಿಯಾಳು ಎಂದುಕೊಂಡಿದ್ದೆ. ಅತ್ತಿದ್ದರೆ ನನಗೂ ಸಮಾಧಾನ ಹೇಳುವ ಅವಕಾಶ ಸಿಗುತ್ತಿತ್ತು. ಆಕೆ ಕೇಳಿದ್ದು ಒಂದೇ ಮಾತು.

"ಐತ್ವಾರ ನಿಮ್ಮ ಗಾಡಿ ಸಂಭಾಜಿನಗರಕ್ಕ ಹೊಂಟೈತಲ್ರಿ, ನಮ್ಮನ್ನೂ ಕರಕೊಂಡು ಹೋಗ್ತೀರೇನು? ಹೆಂಗಿದ್ರೂ ಈಕಿ ಬರ್ತಾಳ. ವಾಳೂಜದಾಗ ಇಳದುಬಿಡ್ತೀವಿ."

ಅಕ್ಕ ಕೂಡಲೇ ಒಪ್ಪಿದಳು. "ಅದಕ್ಕೆಂತ, ಜಾಗ ಉಂಟಲ್ಲ" ಎಂದಳು. ಭಾನುವಾರ ಬೆಳಗಾಗುವ ಹೊತ್ತಿಗೆ ವ್ಯಾನಿನ ಹಿಂದಿನ ಸೀಟಿನಲ್ಲಿ ತಾಯಿ, ಕೂಸು, ಎರಡು ಗಂಟು, ಒಂದು ಸ್ಟವ್ವು. ಮುಂದೆ ನಾವು, ನಮ್ಮ ರೇಷ್ಮೆ ಸೀರೆಗಳು. ಮಡಚಿಟ್ಟ ಏಣಿಯ ಚಿತ್ರವನ್ನು ನಾನೇ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಹುಡುಗಿ ಅಕ್ಕ ಕೊಡಿಸಿದ ಹೊಸ ಫ್ರಾಕು ಮುದುಡದಂತೆ ಅಂಚಿನಲ್ಲಿ ಕೂತಿದ್ದಳು. ನಿಫಾಡ್ ದಾಟಿದ ಮೇಲೆ ದ್ರಾಕ್ಷಿ ತೋಟಗಳಲ್ಲಿ ಕೊಯ್ಲು ನಡೆದಿತ್ತು. ಅಕ್ಕ ವ್ಯಾನು ನಿಲ್ಲಿಸಿ ಎರಡು ಕಿಲೋ ಕೊಂಡು ಎಲ್ಲರಿಗೂ ಹಂಚಿದಳು.

ದಾರಿಯುದ್ದಕ್ಕೂ ಹುಡುಗಿಗೆ ತಾಲೀಮು ಕೊಟ್ಟೆ. ಮುಖ್ಯ ಅತಿಥಿ ಮೊದಲು ಹೇಗೆ ಓದುತ್ತಿದ್ದೆ ಎಂದು ಕೇಳಬಹುದು, ಆಗ ಹೀಗೆ ತಿಣುಕಿ ಓದಬೇಕು, ಆಮೇಲೆ ಎಲ್ಲೂ ನಿಲ್ಲದೆ ಓದಬೇಕು.

"ಮೊದಲನೇ ಪರೀಕ್ಷೆಗೆ ಹಂಗ, ಕಡೇ ಪರೀಕ್ಷೆಗೆ ಹಿಂಗ. ತಿಳೀತಿಲ್ಲೋ?"

"ತಿಳೀತ್ರಿ."

ಸಭಾಂಗಣ ತುಂಬಿತ್ತು. ಬ್ಯಾಂಕಿನವರು, ಹೋಟೆಲಿನವರು, ಹಿಂದಿನ ಸಾಲಿನಲ್ಲಿ ವಾಳೂಜಿನಿಂದ ಕರೆತಂದಿದ್ದ ಒಂದಿಷ್ಟು ಕೂಲಿ ಸಂಸಾರಗಳು. ಮುಖ್ಯ ಅತಿಥಿ ನಿವೃತ್ತ ಅಧಿಕಾರಿ, ನಗುಮೊಗದವರು. ಅವರು ಕೇಳಿಯೇ ಕೇಳಿದರು. ಹುಡುಗಿ ತಿರುಗಿ ನನ್ನ ಮುಖ ನೋಡಿದಳು. ಹೂಂ ಎಂದೆ. ಅವಳು ಕಾರ್ಡಿಗೆ ಕಣ್ಣು ತಾಗಿಸಿ, ಬೆರಳಿಟ್ಟು, ಒಂದೊಂದೇ ಅಕ್ಷರಕ್ಕೆ ತಿಣುಕಿದಳು. ನಡುವೆ ಹಣೆ ಚಚ್ಚಿಕೊಂಡಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆಮೇಲೆ ಮತ್ತೆ ನನ್ನ ಮುಖ ನೋಡಿ, ನಾನು ಹೂಂ ಎಂದ ಮೇಲೆ ಅದೇ ಕಥೆಯನ್ನು ಸರಾಗವಾಗಿ ಓದಿದಳು, ಆಡಿನ ದನಿಯ ಸಮೇತ. ಚಪ್ಪಾಳೆ ನಿಲ್ಲುವುದಕ್ಕೇ ಬಹಳ ಹೊತ್ತು ಹಿಡಿಯಿತು. ನನಗೆ ಶಾಲು ಹೊದಿಸಿದರು, ಹುಡುಗಿಗೆ ಒಂದು ಟಿಫಿನ್ ಡಬ್ಬಿ ಕೊಟ್ಟರು. ನನಗೆ ಆ ಹೊತ್ತಿನಲ್ಲಿ ನಾಚಿಕೆಯಾಯಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳು. ನನಗೆ ಬಹಳ ಸಂತೋಷವಾಯಿತು.

ಊಟದ ಹೊತ್ತಿನಲ್ಲಿ ಬಾಗಲಕೋಟೆ ಕಡೆಯ ಬ್ಯಾಂಕ್ ಅಧಿಕಾರಿಯೊಬ್ಬರ ಹೆಂಡತಿ ನನ್ನ ಬೆನ್ನು ಬಿಡಲಿಲ್ಲ. ವಾಳೂಜಿನ ತರಗತಿ ನಡೆಸುವವಳು ಆಕೆಯೇ. ಹೇಗೆ ಶುರು ಮಾಡಬೇಕು, ಪರೀಕ್ಷೆ ಹೇಗೆ ತಗೊಳ್ಳಬೇಕು ಎಂದು ಒಂದು ಪುಸ್ತಕದಲ್ಲಿ ಬರೆದುಕೊಂಡಳು. ಮೊದಲನೇ ಪರೀಕ್ಷೆ ಬಿಗಿಯಾಗಿರಲಿ ಎಂದು ಅವಳಿಗೂ ಹೇಳಿದೆ.

ವಾಪಸು ಬರುವಾಗ ವಾಳೂಜಿನ ಕಡೆ ಸುತ್ತಿಕೊಂಡು ಹೋದೆವು. ಕಾರ್ಖಾನೆಗಳ ಹಿಂದೆ ತಗಡಿನ ಕೋಣೆಗಳ ಉದ್ದನೆಯ ಸಾಲು. ಅಣ್ಣ ಬಂದು ಗಂಟುಗಳನ್ನು ಇಳಿಸಿಕೊಂಡು, ನಾಳೆಯಿಂದಲೇ ಪಾಳಿ ಎಂದ. ಅದನ್ನು ಕೇಳಿದ್ದೇ ತಾಯಿ ಕೂಸನ್ನು ಹುಡುಗಿಯ ಸೊಂಟಕ್ಕೆ ದಾಟಿಸಿದಳು. ಹೊಸ ಫ್ರಾಕಿನ ಮೇಲೆ ಕೂಸು ಮೂಗು ಒರೆಸಿತು. ಅ‌ಕ್ಕ ಇಬ್ಬರನ್ನೂ ನಿಲ್ಲಿಸಿ ಫೋಟೋ ತೆಗೆದಳು.

ಹುಡುಗಿ ವ್ಯಾನಿನ ಕಿಟಕಿಯ ಹತ್ತಿರ ಬಂದಳು.

"ಮ್ಯಾಡಂ, ಆ ಆಡಿನ ಕತಿ ಕಾರ್ಡು ನನಗ ಕೊಡ್ತೀರೇನ್ರಿ?"

"ಅದು ಸೆಟ್ಟಿಂದವ್ವ. ಒಂದು ಹೋದ್ರ ಇಡೀ ಸೆಟ್ ಕೆಡ್ತೈತಿ."

ಹೂಂ ಎಂದು ತಲೆಯಾಡಿಸಿದಳು. ವ್ಯಾನು ತಿರುಗಿತು. ಅಕ್ಕ ನನ್ನ ಶಾಲನ್ನು ಮುಟ್ಟಿ ನೋಡಿ, ಒಳ್ಳೆ ಬಟ್ಟೆ, ಚಳಿಗಾಲಕ್ಕೆ ಆಗ್ತದೆ ಎಂದಳು.

ಆಮೇಲೆ ಐದು ತಿಂಗಳು ನಾನು ಸುಖವಾಗಿರಲಿಲ್ಲ. ವಾಳೂಜಿಗೆ ಹೋಗಿ ಆ ತಾಯಿಯ ಮುಂದೆ ನಿಜ ಹೇಳಿಬಿಡಬೇಕು ಎಂದು ಎರಡು ಸಲ ಚೀಲ ತುಂಬಿಸಿದೆ. ಒಂದು ಸಲ ಮೊಣಕಾಲು ನೋವು, ಇನ್ನೊಂದು ಸಲ ಮನೆಗೆ ನೆಂಟರು. ಬೇಕೆಂದಾಗ ನೆಪಗಳಿಗೆ ಬರವಿಲ್ಲ. ಕೊನೆಗೆ ನನ್ನಷ್ಟಕ್ಕೆ ನಾನೇ ಒಂದು ಸಮಾಧಾನ ಹೇಳಿಕೊಂಡೆ: ಶಾಲೆ ತಪ್ಪಿದ್ದೇನೋ ನಿಜ, ಆದರೆ ಅವಳಿಗೆ ಓದು ಬರುತ್ತದೆ, ಅದನ್ನು ಯಾರೂ ಕಿತ್ತುಕೊಳ್ಳಲಾರರು. ವಾಳೂಜಿನಲ್ಲಿ ತರಗತಿ ಶುರುವಾದರೆ ಯಾರಾದರೂ ಅವಳ ಓದು ಕೇಳುತ್ತಾರೆ, ಕೇಳಿದವರು ದಂಗಾಗಿ ಯಾವುದಾದರೂ ಶಾಲೆಗೆ ಸೇರಿಸುತ್ತಾರೆ.

ಜುಲೈಯಲ್ಲಿ ಬಾಗಲಕೋಟೆಯ ಆಕೆಯ ಫೋನು ಬಂತು. ದನಿಯಲ್ಲಿ ಉತ್ಸಾಹ ತುಳುಕುತ್ತಿತ್ತು.

"ಅಕ್ಕಾರ, ಕ್ಲಾಸ್ ಶುರು ಆತ್ರಿ! ನೀವು ಕರಕೊಂಡು ಬಂದಿದ್ರಲ್ಲ, ಆ ಹುಡುಗಿನೂ ಬಂದಾಳ. ಶಾಲಿಗೆ ಹಾಕಿಲ್ಲಂತ ಆಕಿನ್ನ. ಸಂಜಿಮುಂದ ತಮ್ಮನ್ನ ಬಗಲಾಗ ಎತ್ತಿಕೊಂಡು ಬರ್ತಾಳ."

"ಓದಿಸಿ ನೋಡಿದ್ರೇನು?" ಎಂದು ಕೇಳಿದೆ.

"ಹೂಂನ್ರಿ, ಮೊದಲ ದಿನಾನ ಕಾರ್ಡ್ ಕೊಟ್ಟೆ. ತಗೊಂಡಾಕಿ ಒಂದು ಮಾತು ಕೇಳಿದ್ಳು ನೋಡ್ರಿ, ನನಗ ನಗೀನ ಬಂತು. 'ಮ್ಯಾಡಂ, ಇದು ಮೊದಲನೇ ಪರೀಕ್ಷೆನೋ, ಕಡೇ ಪರೀಕ್ಷೆನೋ?' ಅಂದ್ಳು. ಮೊದಲನೇದವ್ವ ಅಂದೆ. ಕೂಸಿನ್ನ ಕೆಳಗ ಇಳಿಸಿ, ಬೆರಳ ಇಟ್ಟು, ಒಂದೊಂದ ಅಕ್ಷರಕ್ಕ ತಿಣಕಾಕ ಹತ್ತಿದ್ಳು. ಹಣಿ ಹಣಿ ಬಡ್ಕೊಂಡ್ಳು. ಎಲ್ಲಾ ಮರತುಬಿಟ್ಟಾಳ್ರಿ ಪಾಪ, ಐದು ತಿಂಗಳದಾಗ! ನೀವು ಹೇಳಿದಂಗ ಬಿಗಿಯಾಗಿ ಹಿಡದು ಅಕ್ಷರ ಅಂತನ ಬರಕೊಂಡೀನಿ. ನೋಡ್ತಿರ್ರಿ, ಫೆಬ್ರುವರಿ ಅನ್ನೂದ್ರಾಗ ಕತಿಗೆ ಏರಸ್ತೀನಿ."

ಅವಳು ಏನನ್ನೂ ಮರೆತಿರಲಿಲ್ಲ. ಅದನ್ನು ಹೇಳುವುದಕ್ಕೆ ನನಗೆ ಬೇಕಿದ್ದದ್ದು ಒಂದೇ ಮಾತು. ಹೇಳಿದರೆ ಮುಂದಿನ ಪ್ರಶ್ನೆ ನನ್ನ ಜುಲೈ ಹಾಳೆಯದೇ ಎಂದೂ ಗೊತ್ತಿತ್ತು.

"ಅಕ್ಕಾರ? ಕೇಳಾಕ ಹತ್ತೈತೇನ್ರಿ?"

"ಕೇಳಾಕ ಹತ್ತೈತಿ" ಎಂದೆ. "ಛಲೋ ಆತು. ಏರಸ್ರಿ."